ದಾರಿ ತಪ್ಪಿ ಬಂದ ಹಕ್ಕಿಯೂ ಜೆರ್ಡನ್ ಡಾಕ್ಟರ ಲೆಕ್ಕದ ಪುಸ್ತಕವೂ

ಊರಿಗೆ ಹೊಸಬ ಬಂದರೆ ಮೊದಲು ಗೊತ್ತಾಗುವುದು ಪೊಲೀಸಿನವರಿಗಲ್ಲ, ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯವರಿಗೆ. ಬೆಳಗಿನ ಮೊದಲ ಬಸ್ಸು ಯಾರು ಹತ್ತುತ್ತಾರೆ, ಸಂತೆ ದಿನ ಯಾವ ಹಳ್ಳಿಯವರು ಎಷ್ಟು ಹೊತ್ತಿಗೆ ಇಳಿಯುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಆ ಗುಂಪಿನಲ್ಲಿ ಗುರುತಿಲ್ಲದ ಮುಖ ಒಂದು ಕಂಡರೆ ತಕ್ಕಡಿ ಹಿಡಿದ ಕೈ ಅರೆಗಳಿಗೆ ನಿಲ್ಲುತ್ತದೆ. ಯಾರಪ್ಪ ಇವನು, ಎಲ್ಲಿಯವನು ಅಂತ.

ಹಕ್ಕಿಗಳ ವಿಚಾರವೂ ಹೀಗೇ. ತನ್ನ ಸೀಮೆಯಲ್ಲದ ಸೀಮೆಗೆ ಒಂಟಿ ಹಕ್ಕಿಯೊಂದು ಬಂದಿಳಿದರೆ ಅದನ್ನು ಹೊಸಬ ಅಂತ ಗುರುತಿಸಬೇಕಾದರೆ ದಿನಾ ಇರುವ ಹಕ್ಕಿಗಳ ಪರಿಚಯ ಮೊದಲೇ ಇರಬೇಕು. ದಕ್ಷಿಣ ದೇಶದ ಹಕ್ಕಿಗಳ ಆ ಹಾಜರಿ ಪುಸ್ತಕವನ್ನು ನೂರೆಂಬತ್ತು ವರ್ಷಕ್ಕೂ ಹಿಂದೆ ಕೂತು ಬರೆದವರು ಒಬ್ಬ ಮಿಲಿಟರಿ ಡಾಕ್ಟರು. ಹೆಸರು ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್. ಪಕ್ಷಿ ನೋಡುವವರಲ್ಲಿ ಈ ಹೆಸರು ಕೇಳದವರಿಲ್ಲ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಜನರಿಗೂ ಇವರ ಕತೆ ಬೇಕು. ಯಾಕೆ ಬೇಕು ಅನ್ನುವುದನ್ನು ಮುಂದೆ ನೋಡೋಣ.

ಅತಿಥಿ ಬೇರೆ, ಅಲೆಮಾರಿ ಬೇರೆ

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಚಳಿಗಾಲಕ್ಕೆ ನಮ್ಮ ಬಯಲುಸೀಮೆಯ ಜೋಳದ ಹೊಲಗಳ ಮೇಲೆ ಗುಲಾಬಿ ಮೈಯ ಕಬ್ಬಕ್ಕಿಗಳು ಮೋಡದ ಹಾಗೆ ಬಂದು ಕವಿಯುತ್ತವೆ. ಅವುಗಳ ತವರು ಮಧ್ಯ ಏಷ್ಯ, ಪೂರ್ವ ಯೂರೋಪು. ಅಷ್ಟು ದೂರದಿಂದ ಬಂದರೂ ಅವು ದಾರಿ ತಪ್ಪಿದವಲ್ಲ. ವರ್ಷಾ ವರ್ಷಾ ಹೇಳಿದ ಹೊತ್ತಿಗೆ ಬಂದು ಹೋಗುವ ವಲಸೆಗಾರರು. ಅದೇ ಹಕ್ಕಿ ಒಂದೋ ಎರಡೋ ಇಂಗ್ಲೆಂಡಿನ ಕಡೆ ಹೋಗಿ ಇಳಿದರೆ ಅಲ್ಲಿ ಅದು ಅಲೆಮಾರಿ. ನೋಡುವುದಕ್ಕೆ ಜನ ಓಡುತ್ತಾರೆ. ಹಕ್ಕಿ ಒಂದೇ, ಊರು ಬೇರೆ, ಹೆಸರು ಬೇರೆ.

ದಾರಿ ಯಾಕೆ ತಪ್ಪುತ್ತವೆ? ಗಾಳಿ ಒಂದು ಕಾರಣ. 2017ರಲ್ಲಿ ಓಖಿ ಚಂಡಮಾರುತ ಬಂದಾಗ ಸಿನೇರಿಯಸ್ ಅನ್ನುವ ದೊಡ್ಡ ಕರೀ ರಣಹದ್ದೊಂದು ಕನ್ಯಾಕುಮಾರಿ ಜಿಲ್ಲೆಯಲ್ಲಿ ಸುಸ್ತಾಗಿ ಸಿಕ್ಕಿತು. ಚಳಿಗಾಲದಲ್ಲಿ ಅದು ಇರಬೇಕಾದದ್ದು ಉತ್ತರ ಭಾರತದಲ್ಲಿ. ಅರಣ್ಯ ಇಲಾಖೆಯವರು ವರ್ಷಗಟ್ಟಲೆ ಸಾಕಿ, ಕೊನೆಗೆ 2022ರಲ್ಲಿ ವಿಮಾನ ಹತ್ತಿಸಿ ರಾಜಸ್ಥಾನದ ಜೋಧಪುರಕ್ಕೆ ಕಳಿಸಿದರು. ಇನ್ನೊಂದು ಕಾರಣ ಎಳೆ ವಯಸ್ಸು. ಮೊದಲ ಸಲ ಪ್ರಯಾಣ ಹೊರಟ ಮರಿಹಕ್ಕಿಗೆ ಹುಟ್ಟಿನಿಂದ ಬಂದ ದಿಕ್ಕಿನ ಲೆಕ್ಕ ಕೆಲವೊಮ್ಮೆ ತಿರುಗಾಮುರುಗಾ ಆಗುತ್ತದೆ. ತೆಂಕಕ್ಕೆ ಹೋಗಬೇಕಾದ್ದು ಪಡುವಣಕ್ಕೆ ಹೋಗುತ್ತದೆ. ಬರಗಾಲ, ಮೇವಿಲ್ಲದ್ದು ಮೂರನೆಯ ಕಾರಣ. 1863ರಲ್ಲಿ ಮಧ್ಯ ಏಷ್ಯದ ಒಣ ಬಯಲಿನ ಒಂದು ಜಾತಿ ಕಲ್ಗೌಜಲ ಹಕ್ಕಿಗಳು ಹಿಂಡು ಹಿಂಡಾಗಿ ಎದ್ದು ಯೂರೋಪನ್ನೆಲ್ಲ ದಾಟಿ ಬ್ರಿಟನ್ನಿನ ಕಡಲ ದಂಡೆಯವರೆಗೆ ಹೋಗಿದ್ದವು. ನಾಲ್ಕನೆಯದು ಪಂಜರ. ಯಾರೋ ಸಾಕಿದ್ದು ತಪ್ಪಿಸಿಕೊಂಡು ಬಂದಿದ್ದರೆ ಅದನ್ನು ಅಲೆಮಾರಿ ಅಂತ ಬರೆದುಕೊಳ್ಳುವ ಹಾಗಿಲ್ಲ.

ಇಷ್ಟೆಲ್ಲ ತೂಗಿ ನೋಡಬೇಕಾದರೆ ಯಾವ ಹಕ್ಕಿಯ ಸೀಮೆ ಎಲ್ಲಿಂದ ಎಲ್ಲಿವರೆಗೆ ಅಂತ ಬರೆದಿಟ್ಟ ಪುಸ್ತಕ ಬೇಕು. 1836ರಲ್ಲಿ ಜೆರ್ಡನ್ ಮದರಾಸಿನಲ್ಲಿ ಹಡಗು ಇಳಿದಾಗ ದಕ್ಷಿಣ ಭಾರತಕ್ಕೆಲ್ಲ ಅನ್ವಯಿಸುವ ಅಂಥ ಪುಸ್ತಕ ಇರಲಿಲ್ಲ.

ಹುಳ ತಿಂದ ಪಾಠ

ಜೆರ್ಡನ್ ಹುಟ್ಟಿದ್ದು 1811ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ಡರ್ಹ್ಯಾಮ್ ಸೀಮೆಯಲ್ಲಿ. ಎಡಿನ್‌ಬರೋದಲ್ಲಿ ಮೊದಲು ಸಾಹಿತ್ಯ ಓದಲು ಸೇರಿ, ಆಮೇಲೆ ವೈದ್ಯಕ್ಕೆ ತಿರುಗಿದರು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಅಸಿಸ್ಟೆಂಟ್ ಸರ್ಜನ್ ಕೆಲಸ ಸಿಕ್ಕಿತು. ಮೊದಲ ಪೋಸ್ಟಿಂಗ್ ಒರಿಸ್ಸಾ ಕಡೆಯ ಗಂಜಾಂ. ಜ್ವರದ ಸೀಮೆ. ಆಮೇಲೆ ಕುದುರೆ ಸೈನ್ಯದ ಜೊತೆ ತಿರುಚಿನಾಪಳ್ಳಿ, ಅಲ್ಲಿಂದ ದಖನ್ನಿನ ಜಾಲ್ನಾ. ದಂಡು ಎಲ್ಲಿಗೆ ಹೋಯಿತೋ ಡಾಕ್ಟರೂ ಅಲ್ಲಿಗೆ. ಹಗಲು ಸಿಪಾಯಿಗಳ ನಾಡಿ, ಬಿಡುವು ಸಿಕ್ಕಾಗ ಹಕ್ಕಿ.

ಆಗಿನ ಕಾಲದಲ್ಲಿ ಹಕ್ಕಿ ನೋಡುವುದು ಅಂದರೆ ಹೊಡೆಯುವುದು ಅಂತಲೇ ಅರ್ಥ. ಕ್ಯಾಮೆರಾ ಇಲ್ಲ, ಒಳ್ಳೆಯ ದುರ್ಬೀನು ಇಲ್ಲ. ಬಂದೂಕಿನಲ್ಲಿ ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಚೀಟಿ ಕಟ್ಟಿ ಇಡಬೇಕು. ಈಗ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹೀಗೆ ಕೂಡಿಟ್ಟ ತಮ್ಮ ಸಂಗ್ರಹವನ್ನು ಜೆರ್ಡನ್ ಸ್ಕಾಟ್ಲೆಂಡಿನ ದೊಡ್ಡ ಪಕ್ಷಿ ಪಂಡಿತ ವಿಲಿಯಂ ಜಾರ್ಡಿನ್ ಅವರಿಗೆ ಹಡಗಿನಲ್ಲಿ ಕಳಿಸಿದರು. ಯಾವುದು ಯಾವ ಜಾತಿ ಅಂತ ದೊಡ್ಡವರು ಹೇಳಲಿ ಅಂತ. ಪೆಟ್ಟಿಗೆ ತಲುಪುವ ಹೊತ್ತಿಗೆ ಒಳಗೆ ನುಸಿ ಹಿಡಿದು ಹಕ್ಕಿಗಳೆಲ್ಲ ಹಾಳಾಗಿದ್ದವು.

ಬೇರೆಯವರಾಗಿದ್ದರೆ ಸಾಕಪ್ಪ ಸಹವಾಸ ಅಂತ ಕೈ ಚೆಲ್ಲುತ್ತಿದ್ದರು. ಜೆರ್ಡನ್ ಹಾಗೆ ಮಾಡಲಿಲ್ಲ. ಸಾವಿರಾರು ಮೈಲಿ ಆಚೆ ಕೂತವರನ್ನು ನೆಚ್ಚುವುದಕ್ಕಿಂತ ಇಲ್ಲೇ ಇದ್ದು, ಕಣ್ಣಾರೆ ಕಂಡು, ತಾವೇ ತೀರ್ಮಾನಿಸುವುದು ಅಂತ ನಿಶ್ಚಯ ಮಾಡಿದರು. 1839-40ರಲ್ಲಿ ಮದರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಅವರ ಪಟ್ಟಿ ಕಂತು ಕಂತಾಗಿ ಅಚ್ಚಾಯಿತು. ಸುಮಾರು 420 ಜಾತಿಗಳು. ಅದಕ್ಕೆ ಮೊದಲು ಕರ್ನಲ್ ಸೈಕ್ಸ್ ಅನ್ನುವವರು ಮಾಡಿದ್ದ ದಖನ್ನಿನ ಪಟ್ಟಿಗಿಂತ ಹೆಚ್ಚುಕಡಿಮೆ ಎರಡರಷ್ಟು. ಈ ಕೆಲಸಕ್ಕೆ ಧಾರವಾಡದ ಕಡೆ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ತಮ್ಮಲ್ಲಿದ್ದ ಟಿಪ್ಪಣಿಗಳನ್ನು ಕೊಟ್ಟು ನೆರವಾದರು. ಹಾಗಾಗಿ ಆ ಪುಸ್ತಕದ ಬುಡದಲ್ಲಿ ಕನ್ನಡ ನಾಡಿನ ಹಕ್ಕಿಗಳೂ ಇವೆ.

1841ರಲ್ಲಿ ಮದುವೆಯಾಯಿತು. ಹೆಂಡತಿ ಫ್ಲೋರಾ ಅವರಿಗೆ ಗಿಡ, ಹೂವು, ಅದರಲ್ಲೂ ಸೀತಾಳೆ ಹೂವಿನ ಜಾತಿಗಳ ಮೇಲೆ ಆಸಕ್ತಿ. ಗಂಡನಿಗೆ ಹಕ್ಕಿ, ಹೆಂಡತಿಗೆ ಹೂವು. ಸಂಸಾರ ಹೇಗೋ ಹೊಂದಿಕೊಂಡಿತು. 1843ರಿಂದ 1847ರವರೆಗೆ 50 ಬಣ್ಣದ ಚಿತ್ರಗಳಿರುವ ಪುಸ್ತಕವನ್ನು ಜೆರ್ಡನ್ ಮದರಾಸಿನಲ್ಲಿ ಹೊರತಂದರು. ಅದರ ಬಹುತೇಕ ಚಿತ್ರ ಬರೆದವರು ನಮ್ಮ ದೇಶದ ಕಲಾವಿದರೇ.

ಪೆನ್ನಾರಿನ ಕೊನೆಯಲ್ಲಿ ಡಾಕ್ಟರು

ಈಗ ನಮ್ಮ ಊರಿಗೆ ಹತ್ತಿರವಾಗುವ ಭಾಗ. ಜೆರ್ಡನ್‌ಗೆ ನೆಲ್ಲೂರಿನಲ್ಲಿ ಸಿವಿಲ್ ಸರ್ಜನ್ ಕೆಲಸ ಬಂತು. ನೆಲ್ಲೂರು ಪೆನ್ನಾರ್ ನದಿ ಸಮುದ್ರ ಸೇರುವ ಊರು. ಆ ನೀರು ಎಲ್ಲಿಯದು? ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ಹಾದು, ಹಿಂದೂಪುರದ ಹತ್ತಿರ ಪೆನ್ನಾರ್ ಸೇರುವ ನಮ್ಮ ಜಯಮಂಗಲಿಯ ನೀರು. ಹೊಳೆ ಹರಿದ ವರ್ಷ ಇಲ್ಲಿಯ ಮಳೆನೀರು ಅಲ್ಲಿಗೆ ಮುಟ್ಟುತ್ತದೆ. ಹಕ್ಕಿಗಳ ಲೆಕ್ಕದಲ್ಲೂ ಇದೊಂದು ಸೀಮೆ: ಕಲ್ಲು ಗುಡ್ಡ, ಕುರುಚಲು, ಬಿಸಿಲು.

ನೆಲ್ಲೂರಿನಲ್ಲಿ ಜೆರ್ಡನ್ ಮಾಡಿದ ಜಾಣತನ ಏನೆಂದರೆ, ಅಲ್ಲಿಯ ಯಾನಾದಿ ಜನರ ಹತ್ತಿರ ಹೋಗಿ ಕೂತದ್ದು. ಯಾವ ಪ್ರಾಣಿಗೆ ಏನು ಹೆಸರು, ಎಲ್ಲಿ ಮಲಗುತ್ತದೆ, ಯಾವಾಗ ಓಡಾಡುತ್ತದೆ, ಎಲ್ಲ ಅವರಿಂದ ಕೇಳಿ ಬರೆದುಕೊಂಡರು. ಪುಸ್ತಕದ ಮೇಲೆ ಅಚ್ಚಾದ ಹೆಸರು ಒಬ್ಬರದೇ. ಕಾಡು ಬಲ್ಲವರು ಹಲವರು. ಅವರ ಹೆಸರು ಯಾವ ಪುಟದಲ್ಲೂ ಉಳಿಯಲಿಲ್ಲ ಅನ್ನುವುದು ಬೇಸರದ ಮಾತು. ಆದರೂ ಜೆರ್ಡನ್ ತಮ್ಮ ಪುಸ್ತಕಗಳಲ್ಲಿ ಹಕ್ಕಿಗಳ ತೆಲುಗು, ತಮಿಳು, ಹಿಂದಿ, ಕನ್ನಡ ಹೆಸರುಗಳನ್ನು ಸಿಕ್ಕಷ್ಟು ಕೊಟ್ಟಿದ್ದಾರೆ. ಜನರ ಬಾಯಲ್ಲಿದ್ದ ಹೆಸರನ್ನು ಅವರು ಕಸ ಅಂದುಕೊಳ್ಳಲಿಲ್ಲ.

ನೆಲ್ಲೂರಿನ ಕಡೆಯ ಪೂರ್ವಘಟ್ಟದಿಂದ ಸಿಕ್ಕ ಒಂದು ಪಿಕಳಾರಕ್ಕೆ 1845ರಲ್ಲಿ ಅವರು ಹೆಸರಿಟ್ಟರು. ಕತ್ತಿನ ಕೆಳಗೆ ಅರಿಶಿನ ಹಚ್ಚಿದ ಹಾಗೆ ಹಳದಿ. ಅದೇ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆ ಬೆಟ್ಟಗಳಲ್ಲಿ ಬಿಟ್ಟರೆ ಇಡೀ ಭೂಮಂಡಲದಲ್ಲಿ ಇನ್ನೆಲ್ಲೂ ಇಲ್ಲ. ನಮ್ಮ ದೇವರಾಯನದುರ್ಗ, ಮಧುಗಿರಿಯ ಬಂಡೆಗಳ ಸಂದಿಯ ಕುರುಚಲಲ್ಲಿ ಇದೆ. ನಂದಿ ಬೆಟ್ಟದಲ್ಲೂ ಇದೆ. ಇದನ್ನು ನೋಡಲಿಕ್ಕೆಂದೇ ದೂರ ದೂರದಿಂದ ಕ್ಯಾಮೆರಾ ಹೊತ್ತು ಬರುವವರಿದ್ದಾರೆ. ನಮಗೆ ಮಾತ್ರ ಅದು ಯಾವುದೋ ಒಂದು ಗುಬ್ಬಿ.

ನೆಲ್ಲೂರು ಆದಮೇಲೆ ತಲಶೇರಿ. ಅಲ್ಲಿ ಇರುವೆ, ಹೊಳೆ ಮೀನು ಅಂತ ಹೊಸ ಹುಚ್ಚು ಹತ್ತಿತು. ಬೇಟೆಯ ಮೇಲೆ ನೆಗೆದು ಬೀಳುವ ಒಂದು ಇರುವೆಯನ್ನು 1851ರಲ್ಲಿ ಮೊದಲು ಬಣ್ಣಿಸಿದವರು ಜೆರ್ಡನ್ನೇ. ಅದರ ಮೇಲೆ ಇಂದಿಗೂ ಹೊರದೇಶದ ಪ್ರಯೋಗಶಾಲೆಗಳಲ್ಲಿ ಸಂಶೋಧನೆ ನಡೆದಿದೆ.

ಎರಡು ಪಟ್ಟೆಯ ಹಕ್ಕಿ

ಪೆನ್ನಾರ್ ಸೀಮೆಯಲ್ಲೇ ಜೆರ್ಡನ್‌ಗೆ ಇನ್ನೊಂದು ಹಕ್ಕಿ ಸಿಕ್ಕಿತ್ತು. ಟಿಟ್ಟಿಭಕ್ಕಿಂತ ಚಿಕ್ಕದು, ಉದ್ದ ಕಾಲು, ದೊಡ್ಡ ಕಣ್ಣು, ಎದೆಗೆ ಎರಡು ಪಟ್ಟೆ. ಹಾರುವುದಕ್ಕಿಂತ ಪೊದೆಗಳ ನಡುವೆ ಓಡುವುದೇ ಹೆಚ್ಚು. 1848ರಲ್ಲಿ ಕಲ್ಕತ್ತೆಯ ಮ್ಯೂಸಿಯಂನ ಎಡ್ವರ್ಡ್ ಬ್ಲೈತ್ ಅದಕ್ಕೆ ಎರಡು ಹಾರದ ಹಕ್ಕಿ ಅನ್ನುವ ಅರ್ಥದ ಶಾಸ್ತ್ರೀಯ ಹೆಸರಿಟ್ಟರು. ಲೋಕ ಅದನ್ನು ಜೆರ್ಡನ್ ಕೋರ್ಸರ್ ಅಂತ ಕರೆಯಿತು. ಆಂಧ್ರದ ಜನ ಕರೆಯುವುದು ಕಲಿವಿ ಕೋಡಿ, ಅಂದರೆ ಕಲಿವಿ ಪೊದೆಯ ಕೋಳಿ.

ಜೆರ್ಡನ್ ಆಮೇಲೆ ಮಧ್ಯ ಭಾರತದ ಸಾಗರ್ ಊರಿಗೆ ಹೋದರು. ಶಿವಮೊಗ್ಗದ ಸಾಗರ ಅಲ್ಲ. 1857ರ ದಂಗೆಯ ಕಾಲ ಕಂಡರು. ಆರೋಗ್ಯ ಕೆಟ್ಟು ಡಾರ್ಜಿಲಿಂಗ್ ಸೇರಿದಾಗ ಹಿಮಾಲಯದ ಹಕ್ಕಿಗಳ ಮೇಲೆ ಕಣ್ಣು ಬಿತ್ತು. ಆಗ ವೈಸರಾಯ್ ಆಗಿದ್ದ ಕ್ಯಾನಿಂಗ್ ಈ ಮನುಷ್ಯನ ಕೈಯಲ್ಲಿ ದೊಡ್ಡ ಕೆಲಸ ಆಗುತ್ತದೆ ಅಂತ ಅರಿತು ದಂಡಿನ ಕೆಲಸದಿಂದ ಬಿಡಿಸಿ ಬರೆಯಲು ಅನುಕೂಲ ಮಾಡಿಕೊಟ್ಟರು. 1862ರಿಂದ 1864ರ ನಡುವೆ ಬಂದದ್ದೇ ದಿ ಬರ್ಡ್ಸ್ ಆಫ್ ಇಂಡಿಯಾ. ಸಾವಿರದಷ್ಟು ಜಾತಿಗಳು, ಪ್ರತಿಯೊಂದಕ್ಕೂ ಗುರುತು, ಸೀಮೆ, ನಡವಳಿಕೆ. ಊರೂರು ತಿರುಗುವ ಅಧಿಕಾರಿ ಮೂಟೆಯಲ್ಲಿ ಇಟ್ಟುಕೊಂಡು ಹೋಗಿ ಹಕ್ಕಿ ಗುರುತಿಸಬಹುದಾದಂಥ ಪುಸ್ತಕ. ಚಾರ್ಲ್ಸ್ ಡಾರ್ವಿನ್ 1871ರ ತಮ್ಮ ಗ್ರಂಥದಲ್ಲಿ ಹಲವು ಕಡೆ ಜೆರ್ಡನ್ನರನ್ನೇ ಸಾಕ್ಷಿಯಾಗಿ ತಂದಿದ್ದಾರೆ. 1867ರಲ್ಲಿ ಸಸ್ತನಿಗಳ ಮೇಲೂ ಒಂದು ಗ್ರಂಥ ಬಂತು.

1868ರಲ್ಲಿ ನಿವೃತ್ತಿ. ಆದರೂ ಮನೆಗೆ ಹೋಗಲು ಮನಸ್ಸಿಲ್ಲ. ಅಸ್ಸಾಮಿಗೆ ಹೋದರು. ಗೌಹಾತಿಯಲ್ಲಿ ಕಾಯಿಲೆ ಬಿದ್ದು 1870ರಲ್ಲಿ ಇಂಗ್ಲೆಂಡಿಗೆ ಮರಳಿದರು. 1872ರ ಜೂನ್ 12ರಂದು ಲಂಡನ್ನಿನ ನಾರ್‌ವುಡ್‌ನಲ್ಲಿ ತೀರಿಕೊಂಡರು. ವಯಸ್ಸು 60. ಸರಿಯಾಗಿ ನೂರು ವರ್ಷದ ಮೇಲೆ, 1972ರಲ್ಲಿ, ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಜೆರ್ಡನ್ ಹಾಗೆ ಹಕ್ಕಿ ಹೊಡೆದು ಹತ್ತಿ ತುಂಬಿದರೆ ಈಗ ಕೇಸು ಬೀಳುತ್ತದೆ. ಬೀಳಬೇಕಾದ್ದೇ.

ಸತ್ತಿತು ಅಂದ ಹಕ್ಕಿ ಎದ್ದು ಬಂತು

ಡಾಕ್ಟರು ಹೋದರು, ಅವರ ಹೆಸರಿನ ಹಕ್ಕಿಯ ಕತೆ ಮುಂದುವರಿಯಿತು. 1900ರಲ್ಲಿ ಅನಂತಪುರದ ಹತ್ತಿರ ಹೊವರ್ಡ್ ಕ್ಯಾಂಬೆಲ್ ಅನ್ನುವವರು ಕೋರ್ಸರ್ ಕಂಡರು. ಅನಂತಪುರ ಅಂದರೆ ಪಾವಗಡದವರಿಗೆ ದೂರದ ಊರೇನಲ್ಲ. ಅದಾದ ಮೇಲೆ ಎಂಬತ್ತೈದು ವರ್ಷ ಆ ಹಕ್ಕಿ ಕಂಡ ಸುದ್ದಿಯೇ ಇಲ್ಲ. ಹುಡುಕಿದವರಿಗೆ ಸಿಗಲಿಲ್ಲ. ನಿರ್ನಾಮವಾಯಿತು ಅಂತ ಬಹಳ ಜನ ಕೈ ತೊಳೆದುಕೊಂಡರು.

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಬಿಡಲಿಲ್ಲ. ಭರತ್ ಭೂಷಣ್ ಅವರು ಕಡಪ ಜಿಲ್ಲೆಯ ಹಳ್ಳಿಗಳಲ್ಲಿ ಹಕ್ಕಿಯ ಚಿತ್ರ ತೋರಿಸಿ ವಿಚಾರಿಸುತ್ತಾ ಹೋದರು. 1986ರ ಜನವರಿಯಲ್ಲಿ ಸಿದ್ದವಟಂ ಹತ್ತಿರದ ರೆಡ್ಡಿಪಲ್ಲಿಯಲ್ಲಿ ಸ್ಥಳೀಯ ಬೇಟೆಗಾರರೊಬ್ಬರು ರಾತ್ರಿ ಹೊತ್ತು ಅದನ್ನು ಹಿಡಿದು ತಂದರು. ಹಿಡಿದ ಹಕ್ಕಿ ಉಳಿಯಲಿಲ್ಲ. ಆದರೆ ಜಾತಿ ಇನ್ನೂ ಉಳಿದಿದೆ ಅನ್ನುವುದು ಖಾತ್ರಿಯಾಯಿತು. ಗುಟ್ಟು ಏನು? ಪಂಡಿತರು ಹಗಲು ಹುಡುಕಿದ್ದರು. ಹಕ್ಕಿ ಓಡಾಡುತ್ತಿದ್ದದ್ದು ರಾತ್ರಿ. ಅದು ಗೊತ್ತಿದ್ದದ್ದು ಹಳ್ಳಿಯವನಿಗೆ. ಜೆರ್ಡನ್ ಯಾನಾದಿಗಳ ಹತ್ತಿರ ಕೂತು ಕಲಿತ ಪಾಠವನ್ನೇ ಲೋಕ ನೂರಾ ನಲವತ್ತು ವರ್ಷದ ನಂತರ ಮತ್ತೆ ಕಲಿಯಿತು. ಆ ಕಾಡು ಈಗ ಲಂಕಮಲ್ಲೇಶ್ವರ ಅಭಯಾರಣ್ಯ.

ಕತೆ ಇಲ್ಲಿಗೂ ಮುಗಿಯಲಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಹಳೆಯ ಮೊಟ್ಟೆಯೊಂದು ಯಾರೂ ಗಮನಿಸದೆ ಬಿದ್ದಿತ್ತು. ಅದು ಜೆರ್ಡನ್ ಕೋರ್ಸರಿನ ಮೊಟ್ಟೆ ಅಂತ ಡಿ.ಎನ್.ಎ. ಪರೀಕ್ಷೆ ಖಾತ್ರಿ ಮಾಡಿತು. ಆ ಹಕ್ಕಿಯ ಮೊಟ್ಟೆ ಅಂತ ಗೊತ್ತಾದದ್ದು ಅದೊಂದೇ. ಕೂಡಿಟ್ಟವರು ಅರ್ನೆಸ್ಟ್ ಮೀಟನ್ ಅನ್ನುವ ಪಶುವೈದ್ಯರು. ವರ್ಷ 1917. ಸ್ಥಳ? ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶ!

ಈ ಒಂದು ಮೊಟ್ಟೆ ಎಷ್ಟು ಲೆಕ್ಕ ಬದಲಿಸಿತು ನೋಡಿ. ಹಕ್ಕಿ ಕಳೆದುಹೋಯಿತು ಅಂತ ಬರೆದ ವರ್ಷಗಳಲ್ಲೇ ಅದು ಕೋಲಾರದ ಕಡೆ ಮೊಟ್ಟೆ ಇಟ್ಟಿತ್ತು. ಕಡಪದ ಆಚೆಗೆ ಕಂಡಿದ್ದರೆ ದಾರಿ ತಪ್ಪಿ ಬಂತು ಅನ್ನುತ್ತಿದ್ದೆವು. ಮೊಟ್ಟೆ ಇಟ್ಟ ಹಕ್ಕಿ ಅಲೆಮಾರಿ ಆಗುವುದು ಹೇಗೆ? ಅದು ಮನೆಯವನೇ. ಮನೆ ಎಷ್ಟು ದೊಡ್ಡದಿತ್ತು ಅನ್ನುವುದು ನಮಗೆ ತಿಳಿದಿರಲಿಲ್ಲ, ಅಷ್ಟೆ.

ನಮ್ಮ ನಾಲ್ಕು ತಾಲ್ಲೂಕಿನ ಲೆಕ್ಕ

ಪೂರ್ವಕ್ಕೆ ಕೋಲಾರ, ಉತ್ತರಕ್ಕೆ ಅನಂತಪುರ. ಈ ಎರಡು ಗುರುತುಗಳ ಮಗ್ಗುಲಲ್ಲೇ ನಮ್ಮ ತಾಲ್ಲೂಕುಗಳಿವೆ. ಇಲ್ಲಿ ಕೋರ್ಸರ್ ಇದೆ ಅಂತ ಯಾರೂ ಹೇಳುತ್ತಿಲ್ಲ. ಹೇಳಬಾರದು ಕೂಡ. ಆದರೆ ಸರ್ಕಾರಿ ಕಾಗದದಲ್ಲಿ ಬಂಜರು ಅಂತ ಬರೆದಿರುವ ಕುರುಚಲು ಬಯಲು ಬರೀ ಬಂಜರಲ್ಲ ಅನ್ನುವುದು ಗೊತ್ತಿರಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಿಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರು ಕಲ್ಲು ಹೊಡೆಯಗೊಡುವುದಿಲ್ಲ. ಅಂಗಡಿ ಮುಂದಿನ ತಂತಿಯ ಮೇಲೆ ಕೂತು ಮೇಲಕ್ಕೆ ಹಾರಿ ಹಾಡುತ್ತಾ ಕೊಡೆ ಬಿಚ್ಚಿದ ಹಾಗೆ ಇಳಿಯುವ ಮಣ್ಣು ಬಣ್ಣದ ಪುಟ್ಟ ನೆಲಗುಬ್ಬಿಗೂ ಜೆರ್ಡನ್ ಹೆಸರೇ ಇದೆ.

ಇನ್ನೊಂದು ಕಡೆ ಪಾವಗಡದಲ್ಲಿ 13,000 ಎಕರೆ ಮೇಲೆ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ. ಬರದಲ್ಲಿ ಬೆಂದ ರೈತನಿಗೆ ಗುತ್ತಿಗೆ ಹಣ ಬಂತು, ಅದನ್ನು ಬೇಡ ಅನ್ನುವುದಕ್ಕೆ ಆಗುವುದಿಲ್ಲ. ಆದರೆ ಆ ನೆಲದಲ್ಲಿ ಮೊದಲು ಯಾವ ಯಾವ ಹಕ್ಕಿ ಇತ್ತು ಅಂತ ಊರಿನ ಎಷ್ಟು ಜನ ಹೇಳಬಲ್ಲರು? ಬಂಡೆ ಬೆಟ್ಟಗಳ ಕತೆಯೂ ಅಷ್ಟೇ. ಹಳದಿ ಕೊರಳಿನ ಪಿಕಳಾರಕ್ಕೆ ಇರುವ ಮುಖ್ಯ ಭಯ ಕಲ್ಲು ಗಣಿ ಮತ್ತು ಬೇಸಿಗೆಯ ಬೆಂಕಿ. ಬೆಟ್ಟ ಜಲ್ಲಿಯಾಗಿ ಲಾರಿ ಹತ್ತಿದ ಮೇಲೆ ಪಿಕಳಾರ ಎಲ್ಲಿ ಹೋಗಬೇಕು? ಅದಕ್ಕೆ ಬೇರೆ ದೇಶ ಇಲ್ಲ.

ಆದ್ದರಿಂದ ನಮ್ಮ ಜನರಲ್ಲಿ ಒಂದು ಕೇಳಿಕೆ. ಗುರುತಿಲ್ಲದ ಹಕ್ಕಿ ಕಂಡರೆ ಕಲ್ಲು ಬೀರಬೇಡಿ, ಹಿಡಿಯಲೂ ಹೋಗಬೇಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ತಾರೀಖು, ಹೊತ್ತು, ಸ್ಥಳ ಬರೆದಿಡಿ. ಕಾಗೆಗಿಂತ ದೊಡ್ಡದೋ, ಮೈನಾಕ್ಕಿಂತ ಚಿಕ್ಕದೋ, ಕೊಕ್ಕು ಎಂಥದು, ಕಾಲಿನ ಬಣ್ಣ ಏನು ಅಂತ ಗುರುತು ಹಾಕಿಕೊಳ್ಳಿ. ಗಾಯವಾಗಿ ಬಿದ್ದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಹಾಗೆಯೇ ದಿನಾ ಕಾಣುವ ಹಕ್ಕಿಗಳ ಹೆಸರನ್ನೂ ಮಕ್ಕಳಿಗೆ ಹೇಳಿಕೊಡಿ. ದಿನದ ಗಿರಾಕಿ ಯಾರು ಅಂತ ಗೊತ್ತಿಲ್ಲದ ಅಂಗಡಿಯಲ್ಲಿ ಹೊಸ ಗಿರಾಕಿ ಬಂದರೂ ಗೊತ್ತಾಗುವುದಿಲ್ಲ, ಹಳಬ ಬರುವುದು ನಿಲ್ಲಿಸಿದರೂ ಗೊತ್ತಾಗುವುದಿಲ್ಲ.

ಜೆರ್ಡನ್ ಹೊರಗಿನಿಂದ ಬಂದವರು. ಬಂದ ಊರಿನ ಹಕ್ಕಿಯನ್ನೆಲ್ಲ ಬರೆದಿಟ್ಟು ಹೋದರು. ಪುಸ್ತಕ ಅಲ್ಲೇ ನಿಂತಿಲ್ಲ, ಮುಂದಿನ ಪುಟಗಳು ಖಾಲಿ ಇವೆ. ಅವನ್ನು ಬರೆಯಬೇಕಾದವರು ಇಲ್ಲೇ ಹುಟ್ಟಿ ಬೆಳೆದ ನಾವು.